ಎಂಬತ್ತೆಂಟನೆಯ ದನಿ

ಮಸೂದೆಗೆ ‘ಹೌದು’ ಎಂದವರು ನೂರಾ ಇಪ್ಪತ್ತೊಂದು ಮಂದಿ, ‘ಇಲ್ಲ’ ಎಂದವರು ಎಂಬತ್ತೆಂಟು ಮಂದಿ ಎಂದು ಯಂತ್ರ ಹೇಳಿದಾಗ ಸದನದಲ್ಲಿ ಮೊದಲು ಯಾರಿಗೂ ಏನೂ ಅನ್ನಿಸಲಿಲ್ಲ. ಮಸೂದೆ ಗೆದ್ದಿತ್ತು. ಆಳುವ ಪಕ್ಷದವರು ಮೇಜು ಕುಟ್ಟಿದರು, ವಿರೋಧ ಪಕ್ಷದವರು ಕಾಗದ ಹರಿದು ತೂರಿದರು, ಸಭಾಧ್ಯಕ್ಷರು ಚಹಾಕ್ಕೆ ಎದ್ದರು. ಆಳುವ ಪಕ್ಷದ ಮುಖ್ಯ ಸಚೇತಕರು ಮಾತ್ರ ಕೂತಲ್ಲೇ ಬೆರಳು ಮಡಚುತ್ತಿದ್ದರು. ವಿರೋಧ ಪಕ್ಷದ ಸಾಲುಗಳಲ್ಲಿ ಆ ಹೊತ್ತಿಗೆ ಇದ್ದವರು ಎಂಬತ್ತೇಳೇ ಮಂದಿ.

ಮೇಲಂತಸ್ತಿನ ಗಾಜಿನ ಕೋಣೆಯಲ್ಲಿ ಕೂತಿದ್ದ ದಾನೇಶ್ವರಿ ಆ ಒಂದು ಹೆಚ್ಚಿನ ದನಿಯನ್ನು ಅವರಿಗಿಂತ ಮೊದಲೇ ಕಂಡಿದ್ದಳು. ಕಂಡು ಖುಷಿಯೇ ಪಟ್ಟಿದ್ದಳು. ಯಂತ್ರ ಅವಳದು. ಅಷ್ಟು ಗದ್ದಲದಲ್ಲಿ ಒಂದು ದನಿಯೂ ತಪ್ಪಿಸಿಕೊಳ್ಳಲಿಲ್ಲವಲ್ಲ ಎಂಬ ಖುಷಿ. ಆ ದನಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನಿಗೆ ಇಂದಿನಿಂದ ಊಟ ರುಚಿಸುವುದಿಲ್ಲ ಎನ್ನುವುದು ಹೊಳೆಯಲು ಅವಳಿಗೂ ಒಂದಿಷ್ಟು ಹೊತ್ತು ಬೇಕಾಯಿತು.

ಸಚೇತಕರೆಂದರೆ ಪಕ್ಷದ ಶಾಸಕರನ್ನು ಒಂದೇ ಗೆರೆಯ ಮೇಲೆ ನಿಲ್ಲಿಸುವವರು. ಅವರು ಕೊಡುವ ಲಿಖಿತ ಅಪ್ಪಣೆಗೆ ವಿಪ್ ಎಂದು ಹೆಸರು. ವಿಪ್ ಮೀರಿದವನ ಶಾಸಕ ಸ್ಥಾನ ಹೋಗುತ್ತದೆ. ಎಬ್ಬಿಸಿ ನಿಲ್ಲಿಸಿ ತಲೆ ಎಣಿಸಿದರೆ ಮೀರಿದವನು ಎಲ್ಲರ ಕಣ್ಣಿಗೆ ಬೀಳುತ್ತಾನೆ. ಧ್ವನಿಮತದಲ್ಲಿ ಹಾಗಿರಲಿಲ್ಲ. ಸಭಾಧ್ಯಕ್ಷರು “ಒಪ್ಪುವವರು ಹೌದು ಎನ್ನಿ” ಎಂದರೆ ನೂರಾರು ಗಂಟಲು ಒಟ್ಟಿಗೆ ಬಿಚ್ಚಿಕೊಳ್ಳುತ್ತಿದ್ದವು. ಆ ಅಬ್ಬರದಲ್ಲಿ ಮನಸ್ಸು ಒಪ್ಪದವನು ಬರೀ ತುಟಿ ಆಡಿಸಬಹುದಿತ್ತು. “ಒಪ್ಪದವರು ಇಲ್ಲ ಎನ್ನಿ” ಎಂದಾಗ ಎದುರು ಸಾಲಿನ ಕೂಗಿನ ಮರೆಯಲ್ಲಿ ತಾನೂ ಒಂದು ‘ಇಲ್ಲ’ ಎಂದು ಎದೆ ಹಗುರ ಮಾಡಿಕೊಳ್ಳಬಹುದಿತ್ತು. ತಲೆಮಾರುಗಳಿಂದ ಸದನದಲ್ಲಿ ಸ್ವಂತ ಮನಸ್ಸಿಗೆ ಉಳಿದಿದ್ದ ಜಾಗ ಅದೊಂದೇ. ಯಾವ ಕಾನೂನೂ ಕೊಟ್ಟದ್ದಲ್ಲ, ಗದ್ದಲ ಕೊಟ್ಟದ್ದು.

ಎರಡು ವರ್ಷಗಳ ಹಿಂದೆ ಒಂದು ಧ್ವನಿಮತದಲ್ಲಿ ಯಾರ ಕೂಗು ಜೋರು ಎಂಬುದೇ ಜಗಳವಾಗಿ, ನ್ಯಾಯಾಲಯದ ಮೆಟ್ಟಿಲು ಹತ್ತಿ, ಕೊನೆಗೆ ದನಿಗಳನ್ನು ಎಣಿಸುವ ಯಂತ್ರವೊಂದು ಬೇಕೆಂದು ಸಚಿವಾಲಯ ಹುಡುಕಿತು. ಧ್ವನಿವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದ ದಾನೇಶ್ವರಿಯ ಬಳಿ ಅದು ಸಿದ್ಧವಾಗಿಯೇ ಇತ್ತು. ಛಾವಣಿಯಲ್ಲಿ ನಲವತ್ತು ಪುಟ್ಟ ಮೈಕುಗಳು. ಒಂದೊಂದು ದನಿ ಒಂದೊಂದು ಮೈಕನ್ನು ತಲುಪುವ ಹೊತ್ತಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಜತೆಗೆ ಒಬ್ಬೊಬ್ಬರ ಗಂಟಲಿಗೂ ಅದರದೇ ಆಕಾರ. ಇವೆರಡನ್ನೂ ಹಿಡಿದು ಯಂತ್ರ ಗದ್ದಲವನ್ನು ಬಿಡಿಸಿ ಒಂದೊಂದೇ ದನಿಯನ್ನು ಬೇರೆಯಿಡುತ್ತಿತ್ತು. ಅವಳು ಅದಕ್ಕೆ ‘ಎಳೆ’ ಎಂದು ಹೆಸರಿಟ್ಟಿದ್ದಳು.

ಆ ಹೆಸರು ಬಂದದ್ದು ನೂಲಹಟ್ಟಿಯಿಂದ. ಅವಳ ಅಪ್ಪ ಸಂಗನಗೌಡರು ಶಾಸಕರು. ಪಕ್ಕದ ಕ್ಷೇತ್ರದ ಶಾಸಕ ಬನಪ್ಪ ಜವಳಿ ಅಪ್ಪನ ಕಾಲೇಜು ದಿನಗಳ ಗೆಳೆಯ, ಅದೇ ಪಕ್ಷದವರು, ನೇಕಾರರ ಮನೆಯವರು. ಮಕ್ಕಳಿಲ್ಲದ ಬನಪ್ಪ ಕಾಕಾ ಬೇಸಿಗೆ ರಜೆಯಲ್ಲಿ ಅವಳನ್ನು ನೂಲಹಟ್ಟಿಗೆ ಕರೆದೊಯ್ಯುತ್ತಿದ್ದರು. ಓಣಿಯ ಉದ್ದಕ್ಕೂ ಮಗ್ಗಗಳ ಸದ್ದು. ಒಂಬತ್ತು ವರ್ಷದ ಅವಳು ಕಿವಿ ಮುಚ್ಚಿಕೊಂಡು ನಿಂತರೆ, ಅಲ್ಲಿನವರು ಆ ಸದ್ದಿನಲ್ಲೇ ದನಿ ಏರಿಸದೆ ಮಾತಾಡಿ ನಗುತ್ತಿದ್ದರು.

“ನಿಮಗ ಹೆಂಗ ಕೇಳಸ್ತೈತಿ ಕಾಕಾ?”

“ಸದ್ದು ಅಂದ್ರ ಮಗ್ಗದ ಮ್ಯಾಲಿನ ಹಾಸು ಇದ್ದಂಗವಾ. ಸಾವಿರ ಎಳಿ ಇರ್ತಾವ. ಎಲ್ಲಾ ಒಮ್ಮೆಲೆ ನೋಡಿದ್ರ ಕಣ್ಣು ಕತ್ಲಿ ಬರ್ತಾವ. ನಿನಗ ಬೇಕಾದ ಎಳಿ ಒಂದ ಹಿಡಿ. ಉಳದದ್ದು ತಾನ ಸರೀತೈತಿ.”

ಅವಳು ಊರಿಗೆ ಹೊರಟಾಗ ಕಾಕಾ ಬಾಗಿಲಲ್ಲಿ ನಿಂತು “ಹೋಗಿ ಬಾ ದಾನವ್ವಾ” ಎಂದು ಕೂಗುತ್ತಿದ್ದರು. ಓಣಿಯ ತಿರುವಿನ ತನಕ, ಅಷ್ಟೂ ಮಗ್ಗಗಳನ್ನು ದಾಟಿ ಆ ದನಿ ಅವಳನ್ನು ಮುಟ್ಟುತ್ತಿತ್ತು. ಆ ದನಿ ಹೇಗೆ ಬಂತು ಎಂದು ಯೋಚಿಸುತ್ತಲೇ ಅವಳು ಇಂಜಿನಿಯರ್ ಆದಳು.

ಮಾತು ಕಡಿಮೆಯ ಹುಡುಗಿ ಅವಳು. ಮನೆಗೆ ನಾಲ್ಕು ಜನ ಬಂದರೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಕೇಳುವವಳು. ಮುಖಗಳಿಗಿಂತ ದನಿಗಳು ಅವಳಿಗೆ ಚೆನ್ನಾಗಿ ಗೊತ್ತಿದ್ದವು.

ಈಗ ಗೆದ್ದ ಮಸೂದೆ ಕೈಮಗ್ಗಕ್ಕೆ ಮೀಸಲಾಗಿದ್ದ ಹನ್ನೊಂದು ಬಗೆಯ ನೇಯ್ಗೆಗಳನ್ನು ಯಂತ್ರಮಗ್ಗಗಳಿಗೆ ಬಿಟ್ಟುಕೊಡುವಂಥದ್ದು.

*

ಮರುದಿನ ಬೆಳಿಗ್ಗೆ ರಾಜಧಾನಿಯ ಮನೆಯಲ್ಲಿ ಅವ್ವ ನೀಲಮ್ಮ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ತಟ್ಟೆಯ ಮುಂದೆ ಕೂತು ಶೇಂಗಾ ಚಟ್ನಿಯನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಿದ್ದರೇ ಹೊರತು ತಿನ್ನುತ್ತಿರಲಿಲ್ಲ.

“ದಾನಿ, ಆ ನಿನ್ನ ಯಂತ್ರಕ್ಕ ಯಾರ ದನಿ ಯಾವದು ಅಂತ ಗೊತ್ತಾಗತೈತೇನು?”

“ಇಲ್ರಿ ಅಪ್ಪಾ. ನಂಬರ್ ಅಷ್ಟ ಕೊಡತೈತಿ. ಹೆಸರು ಗೊತ್ತಾಗಬಾರದು ಅಂತನ ಹಂಗ ಮಾಡೇವಿ. ಏಳು ದಿನ ಆದ್ಮ್ಯಾಲ ಅದೂ ಅಳಿಸಿ ಹೋಗತೈತಿ.”

“ಕುಂತ ಜಾಗದ ಮ್ಯಾಲ?”

“ನೀವು ಕುಂತಲ್ಲೆ ಎಲ್ಲಿ ಕುಂದರತೀರಿ? ಒಬ್ಬರು ಚೀಟಿ ಕೊಡಾಕ ಹೋಗಿರತಾರ, ಒಬ್ಬರು ಇನ್ನೊಬ್ಬರ ಕುರ್ಚಿ ಮ್ಯಾಲ ಹರಟಿ ಹೊಡೀತಿರತಾರ.”

ಅವ್ವ ನಕ್ಕಳು. “ಸಾಲಿ ಹುಡುಗರರ ತಮ್ಮ ಜಾಗಾದಾಗ ಇರತಾವು.”

ಅಪ್ಪ ನಗಲಿಲ್ಲ. ನೀರು ಕುಡಿದು, ಲೋಟ ಕೆಳಗಿಟ್ಟು, ತಟ್ಟೆ ನೋಡುತ್ತಲೇ ಹೇಳಿದರು. “ಆ ಒಂದು ದನಿ ನಂದು.”

ಅವ್ವನ ಕೈ ರೊಟ್ಟಿಯ ಮೇಲೇ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂದರೂ ಯಾರೂ ಎತ್ತಲಿಲ್ಲ.

“ಬಾಯಿಗೆ ಬಂದ್ಬಿಡ್ತು. ನೇಕಾರರ ಮಕಾ ನೆನಪಾದ್ವು. ಈಗ ಸಚೇತಕರು ಹುಡುಕಾಕತ್ತಾರ. ಸಿಕ್ಕರ ನನ್ನ ಮೂವತ್ತು ವರ್ಷ ಮಣ್ಣಾತು.” ಅಪ್ಪ ತಲೆ ಎತ್ತಿ ಮಗಳನ್ನು ನೋಡಿದರು. “ನೀ ಒಮ್ಮಿ ಕೇಳಿ ನೋಡವಾ. ಗುರ್ತು ಹತ್ತೂವಂಗ ಐತೇನು ಅಂತ. ಹತ್ತೂವಂಗಿಲ್ಲ ಅಂದ್ರ ನಾನು ಒಂದಿಷ್ಟು ನಿದ್ದಿ ಮಾಡೇನು.”

ದಾನೇಶ್ವರಿಗೆ ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚು ಹೆಮ್ಮೆ. ಇಷ್ಟು ವರ್ಷ ಅಪ್ಪ ಪಕ್ಷ ಹೇಳಿದಂತೆ ಕೈ ಎತ್ತುವವರು ಎಂದುಕೊಂಡಿದ್ದಳು, ಹೊರಗೆ ಹೇಳದಿದ್ದರೂ. ಈಗ ಆ ಗದ್ದಲದ ನಡುವೆ ಒಬ್ಬರೇ ‘ಇಲ್ಲ’ ಎಂದ ಅಪ್ಪ ಎದುರಿಗೆ ಕೂತಿದ್ದರು, ಚಟ್ನಿ ಹಚ್ಚಿದ ಬೆರಳು ನಡುಗಿಸುತ್ತ.

“ಕೇಳತೀನ್ರಿ,” ಎಂದಳು.

*

ಗಾಜಿನ ಕೋಣೆಯ ಹಿರಿಯರು ಲತೀಫಾ ಮೇಡಂ. ಮೂವತ್ತೆರಡು ವರ್ಷ ಸದನದ ಮಾತುಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡವರು, ನಿವೃತ್ತಿಗೆ ಎರಡು ತಿಂಗಳು. ಯಂತ್ರದ ಬೀಗಕ್ಕೆ ಎರಡು ಬೆರಳಿನ ಗುರುತು ಬೇಕಿತ್ತು, ಒಂದು ಅವರದು, ಇನ್ನೊಂದು ದಾನೇಶ್ವರಿಯದು.

“ಎಣಿಕೆ ಮತ್ತೊಮ್ಮೆ ತಾಳೆ ನೋಡಬೇಕಿತ್ತು ಮೇಡಂ.”

“ನೋಡಮ್ಮ.” ಲತೀಫಾ ಮೇಡಂ ಬೆರಳು ಒತ್ತಿದರು. ಆಮೇಲೆ ಕನ್ನಡಕದ ಮೇಲಿಂದ ಅವಳನ್ನು ನೋಡಿ ಹೇಳಿದರು. “ನಂಬರಿಗೆ ಮಾತ್ರ ಹೆಸರು ಇಡಬೇಡ. ಮನಸ್ಸಲ್ಲಿ ಕೂಡ. ನಾನು ಇಷ್ಟು ವರ್ಷದಲ್ಲಿ ಎಷ್ಟು ಪಿಸುಮಾತು ಕೇಳಿದೀನಿ ಅಂತೀಯ. ಬರೆದುಕೊಂಡಿದ್ದರೆ ನಾಲ್ಕು ಸರ್ಕಾರ ಬಿದ್ದಿರೋವು.”

“ಹೂಂ ಮೇಡಂ.”

ಅವರು ಚಹಾಕ್ಕೆ ಹೋದ ಮೇಲೆ ದಾನೇಶ್ವರಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ‘ಇಲ್ಲ’ಗಳನ್ನು ಒಂದೊಂದಾಗಿ ಕೇಳುತ್ತ ಹೋದಳು. ಒಂದೊಂದೂ ಒಂದು ಕ್ಷಣದ್ದು. ಸಿಟ್ಟಿನ ಇಲ್ಲ, ಆಕಳಿಕೆಯ ಇಲ್ಲ, ಪಕ್ಕದವರು ಕೂಗಿದ್ದಕ್ಕೆ ಕೂಗಿದ ಇಲ್ಲ. ಅಪ್ಪನ ದನಿಗಾಗಿ ಕಾಯುತ್ತಿದ್ದಳು. ಮೂವತ್ತು ದಾಟಿತು, ಐವತ್ತು ದಾಟಿತು. ಅರವತ್ತೆರಡನೆಯದರಲ್ಲಿ ಕೈ ತಾನಾಗಿ ನಿಂತಿತು.

ಮೊದಲು ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಬಿಟ್ಟ ಸಣ್ಣ ಸದ್ದು. ಆಮೇಲೆ, ಯಾರಿಗೂ ಜಗಳ ತೆಗೆಯದ, ನೂಲಹಟ್ಟಿಯ ಮನೆಯಲ್ಲಿ ಕಾಕಾ ಇನ್ನೊಂದು ರೊಟ್ಟಿ ಬೇಡ ಎನ್ನುವಾಗಿನ ಅದೇ ಮೆತ್ತಗಿನ ದನಿ. “ಇಲ್ರಿ.”

ಉಳಿದ ಇಪ್ಪತ್ತಾರನ್ನೂ ಕೇಳಿದಳು. ಅಪ್ಪ ಎಲ್ಲೂ ಇರಲಿಲ್ಲ. ಬಹುಶಃ ಅಪ್ಪ ತುಟಿಯೊಳಗೇ ಅಂದಿರಬೇಕು, ಯಂತ್ರಕ್ಕೂ ಸಿಗದಷ್ಟು ಸಣ್ಣಗೆ ಎಂದುಕೊಂಡಳು. ಹಾಗಾದರೆ ಅಪ್ಪನಿಗೆ ಭಯವಿಲ್ಲ. ಈ ನೆಮ್ಮದಿಯಲ್ಲಿ, ನಂಬರಿಗೆ ತಾನು ಹೆಸರಿಟ್ಟೆ ಎನ್ನುವುದು ಅವಳಿಗೆ ತಪ್ಪೆನಿಸಲೇ ಇಲ್ಲ. ಅಪ್ಪನಿಗೆ ಹೇಳುವುದೆಂದರೆ ಮನೆಯೊಳಗೇ ಹೇಳಿದಂತೆ. ಬನಪ್ಪ ಕಾಕಾ ಬೇರೆಯವರೇ?

ಹೊರಗೆ ಮೆಟ್ಟಿಲ ಬಳಿ ನಿಂತು ಫೋನ್ ಮಾಡಿದಳು. “ಅಪ್ಪಾ, ಅಂಜಬ್ಯಾಡ್ರಿ. ಅದು ನಿಮ್ಮ ದನಿ ಅಲ್ಲ. ಬನಪ್ಪ ಕಾಕಾಂದು. ನೀವಿಬ್ರೂ ಒಂದ ಮನಸಿನವರು ನೋಡ್ರಿ. ಕಾಕಾಗ ಸ್ವಲ್ಪ ಎಚ್ಚರಿರಾಕ ಹೇಳ್ರಿ.”

ಆ ಕಡೆ ಅಪ್ಪನ ಉಸಿರು ಕೇಳಿಸಿತು.

“ಬನಪ್ಪಂದಾ,” ಎಂದರು ಅಪ್ಪ. “ಖರೇನ ಅವಂದಾ?”

“ನನಗ ತಿಳಿಯಂಗಿಲ್ಲೇನ್ರಿ ಕಾಕಾನ ದನಿ?”

“ಹೌದು, ನಿನಗ ತಿಳೀತೈತಿ.” ಮತ್ತೊಂದು ಉಸಿರು. “ನೀ ಊಟ ಮಾಡಿದಿ?”

*

ಮೂರನೆಯ ದಿನ ಪಕ್ಷದ ಕಚೇರಿ ಬನಪ್ಪ ಜವಳಿಯವರನ್ನು ಕರೆಸಿತು. ಪಕ್ಷದ ಕೈಯಲ್ಲಿ ಯಾವ ಪುರಾವೆಯೂ ಇರಲಿಲ್ಲ. ಬನಪ್ಪ ಅಲ್ಲವೆಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳಿದರೆ ಬನಪ್ಪ ಸುಳ್ಳು ಹೇಳುವುದಿಲ್ಲ ಎಂದು ಗೊತ್ತಿದ್ದ ಯಾರೋ ನೇರವಾಗಿ ಕೇಳಿ ಎಂದಿದ್ದರು. ಕಚೇರಿಯವರು ನೇರವಾಗಿ ಕೇಳಿದರು. ಬನಪ್ಪ, “ಹೌದ್ರಿ, ನಾನ ಅಂದೆ. ನಮ್ಮ ಓಣ್ಯಾಗ ತಲಿ ಎತ್ತಿ ತಿರಗಬೇಕಲ್ರಿ” ಎಂದು ಬರೆದೂ ಕೊಟ್ಟರು. ವಾರ ಕಳೆಯುವ ಮೊದಲೇ ಅವರ ಸ್ಥಾನ ಹೋಯಿತು. ಮುಖ್ಯ ಸಚೇತಕರು ಮಂತ್ರಿಯಾದರು. ಅವರ ಜಾಗಕ್ಕೆ ಸಂಗನಗೌಡರು ಬಂದರು.

ಮನೆಯ ಮುಂದೆ ಕಾರುಗಳು. ಒಳಗೆ ಹಾರದ ಹೂವಿನ ವಾಸನೆ. ಅವ್ವ ಬಂದವರಿಗೆಲ್ಲ ಪೇಡೆ ಕೊಡುತ್ತಿದ್ದಳು, ಆದರೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದಾನೇಶ್ವರಿ ಚಪ್ಪಲಿ ಮೆಟ್ಟಿ ನೇರ ಗಾಜಿನ ಕೋಣೆಗೆ ಹೋದಳು. ಅದು ಏಳನೆಯ ದಿನ. ಸಂಜೆ ಐದಕ್ಕೆ ಎಲ್ಲ ಎಳೆಗಳೂ ಅಳಿಯಲಿದ್ದವು.

ಲತೀಫಾ ಮೇಡಂ ಅವಳ ಮುಖ ನೋಡಿದರು. ಬೆರಳು ಒತ್ತಿ, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತರು.

ಈ ಸಲ ‘ಹೌದು’ಗಳು. ಹುಡುಕಬೇಕಾಗಲೇ ಇಲ್ಲ. ಮೊದಲನೆಯದೇ. ಸಭಾಧ್ಯಕ್ಷರು “ಹೌದು ಎನ್ನಿ” ಎಂಬ ಮಾತು ಮುಗಿಸುವ ಮೊದಲೇ, ನೂರಾ ಇಪ್ಪತ್ತು ಜನ ಉಸಿರು ತೆಗೆದುಕೊಳ್ಳುತ್ತಿದ್ದಾಗ, ಅಪ್ಪನ ದನಿ ಒಂದೇ ಎದ್ದಿತ್ತು. ತುಂಬಿದ, ಖಚಿತವಾದ, ಒಂದಿಷ್ಟೂ ನಡುಕವಿಲ್ಲದ ದನಿ. ದಾನೇಶ್ವರಿ ಅದನ್ನು ನಾಲ್ಕು ಸಲ ಕೇಳಿದಳು. ಬೆರಳು ನಡುಗಿಸಿದ ಅಪ್ಪ, ಸೀದ ರೊಟ್ಟಿ, “ಒಂದಿಷ್ಟು ನಿದ್ದಿ ಮಾಡೇನು” ಎಂದ ಮಾತು, ಎಲ್ಲವೂ ಆ ಒಂದು ದನಿಯ ಮುಂದೆ ಸಾಲಾಗಿ ಬಂದು ನಿಂತವು.

“ನಾನು ಹೆಸರಿಟ್ಟೆ ಮೇಡಂ,” ಎಂದಳು.

“ಗೊತ್ತಾಯ್ತಮ್ಮ,” ಎಂದರು ಲತೀಫಾ ಮೇಡಂ, ಕಿಟಕಿಯ ಕಡೆಗೇ ಮುಖ ಮಾಡಿ. “ನಾವು ಬೀಗ ಎಲ್ಲಾ ಹಾಕಿದ್ವಿ. ನಿನ್ನ ಕಿವಿಗೆ ಹಾಕೋದು ಮರೆತ್ವಿ.”

ಐದಕ್ಕೆ ಎಳೆಗಳು ಅಳಿದವು.

ಮನೆಗೆ ಬಂದಾಗ ಜನ ಕರಗಿದ್ದರು. ಅಪ್ಪ ಒಬ್ಬರೇ ಹಾರಗಳ ಪಕ್ಕದಲ್ಲಿ ಕೂತಿದ್ದರು.

“ನೀವು ಎಲ್ಲಾರಕಿಂತ ಮೊದಲ ಹೌದು ಅಂದೀರಿ,” ಎಂದಳು. ಅಪ್ಪನಿಗೆ ಎದುರಾಗಿ ನಿಂತು ಅವಳು ಆಡಿದ ಮೊದಲ ಮಾತು ಅದೇ ಇರಬೇಕು.

ಅಪ್ಪ ಇಲ್ಲವೆನ್ನಲಿಲ್ಲ. “ಕುಂದರು,” ಎಂದರು. ಅವಳು ಕೂರಲಿಲ್ಲ. “ನೋಡವಾ, ಮಂದಿ ನನ್ನ ಮಕಾ ನೋಡಿ ಓಟು ಹಾಕಿಲ್ಲ. ಪಕ್ಷದ ಚಿಹ್ನಿ ನೋಡಿ ಹಾಕ್ಯಾರ. ಬನಪ್ಪಗೂ ಹಂಗ. ತನ್ನ ಮನಸಿನಂಗ ಮಾತಾಡಾವ ತಾನ ಒಬ್ಬನ ಚುನಾವಣಿಗೆ ನಿಂದರಬೇಕಿತ್ತು. ಒಬ್ಬೊಬ್ಬ ಒಂದೊಂದು ಅನ್ಕೋತ ಹೋದ್ರ ಸರ್ಕಾರ ಆರು ತಿಂಗಳ ನಿಲ್ಲಂಗಿಲ್ಲ. ಅದನ್ನೂ ನೋಡೇನಿ ನಾನು.”

“ಹಂಗಾರ ನನ್ನ ಮುಂದ ನಾನ ಅಂದೆ ಅಂತ ಯಾಕ ಹೇಳಿದ್ರಿ?”

ಅಪ್ಪ ಹಾರದ ಒಂದು ಎಸಳು ಕಿತ್ತರು. “ಸಚೇತಕರು ಕೇಳಿದ್ರು, ಕೀಲಿ ನಿಮ್ಮ ಮಗಳ ಕೈಯಾಗೈತಿ, ನೀವು ಕೇಳಿದ್ರ ಆಗಂಗಿಲ್ಲೇನು ಅಂತ. ಪಕ್ಷಕ್ಕ ಹೇಳು ಅಂದ್ರ ನೀ ಹೇಳತಿದ್ದಿಲ್ಲ. ಅಪ್ಪಗಾದ್ರ ಹೇಳತಿ ಅಂತ ಗೊತ್ತಿತ್ತು.” ಎಸಳನ್ನು ಕೆಳಗಿಟ್ಟರು. “ಬನಪ್ಪ ಅಂತ ನನಗ ಗೊತ್ತಿರಲಿಲ್ಲ. ಯಾರರ ಸಣ್ಣಾವ ಇರತಾನ ಅಂದ್ಕೊಂಡಿದ್ದೆ.”

“ಗೊತ್ತಾದ್ಮ್ಯಾಲ ಸುಮ್ಮನಿರಬಹುದಿತ್ತು.”

“ಇರಬಹುದಿತ್ತು,” ಎಂದರು ಅಪ್ಪ. ಅವರ ಮುಖ ಗಟ್ಟಿಯಾಯಿತು. “ಆದ್ರ ಹೆಸರು ಹೇಳಿದಾಕಿ ನೀನು. ಅದನ್ನ ಮರೀಬ್ಯಾಡ.”

ಅಡುಗೆಮನೆಯ ಬಾಗಿಲ ಸಂದಿಯಲ್ಲಿ, ದಾನೇಶ್ವರಿ ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ, ಅವ್ವ ನಿಂತಿದ್ದಳು. ಬೆನ್ನು ತಿರುಗಿಸಿ ಒಳಗೆ ಹೋದಳು.

*

ಮುಂದಿನ ಅಧಿವೇಶನದ ಹೊತ್ತಿಗೆ ಸದನದ ಸದ್ದೇ ಬದಲಾಗಿತ್ತು. ‘ಹೌದು ಎನ್ನಿ’ ಎಂದ ಕೂಡಲೇ ಆಳುವ ಪಕ್ಷದವರೆಲ್ಲ ಶಾಲೆಯ ಮಗ್ಗಿಯಂತೆ ಒಟ್ಟಿಗೆ, ಒಂದೇ ಏರಿನಲ್ಲಿ ಹೇಳುತ್ತಿದ್ದರು. ವಿರೋಧ ಪಕ್ಷದವರೂ ತಮ್ಮ ಸಚೇತಕರಿಗೆ ಕೇಳುವಂತೆ ಹಾಗೆಯೇ ‘ಇಲ್ಲ’ ಎನ್ನುತ್ತಿದ್ದರು. ಪಡಸಾಲೆಯಲ್ಲಿ ಗುಂಪಾಗಿ ಹರಟುತ್ತಿದ್ದವರು ದಾನೇಶ್ವರಿ ಬರುವುದು ಕಂಡರೆ ಬಾಯಿ ಮುಚ್ಚಿ ಫೋನ್ ನೋಡುತ್ತಿದ್ದರು. ಉಪಾಹಾರ ಗೃಹದವನೂ ಅವಳಿಗೆ “ಏನ್ ಕೊಡ್ಲಿ ಮೇಡಂ” ಎನ್ನುವುದು ಬಿಟ್ಟು ಪಟ್ಟಿ ತೋರಿಸುತ್ತಿದ್ದ. ಅವಳು ಕೆಲಸಕ್ಕೆ ರಾಜೀನಾಮೆ ಬರೆದಳು. ಯಂತ್ರವನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ, ಅದು ಅಲ್ಲೇ ಉಳಿಯಿತು.

ನೂಲಹಟ್ಟಿಗೆ ಬಸ್ಸು ಮಧ್ಯಾಹ್ನ ಮುಟ್ಟಿತು. ಓಣಿಯಲ್ಲಿ ಮೊದಲಿನಷ್ಟು ಮಗ್ಗಗಳಿರಲಿಲ್ಲ, ಆದರೂ ಸದ್ದು ಸದ್ದೇ. ಬನಪ್ಪ ಕಾಕಾ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂತಿದ್ದರು. ಹತ್ತು ವರ್ಷ ಬಿಟ್ಟಿದ್ದ ಕೈ. ಲಾಳಿ ಆಗಾಗ ತಡೆಯುತ್ತಿತ್ತು.

“ಬಾರವಾ ದಾನವ್ವಾ. ರಾಜಧಾನಿಯವರು ದಾರಿ ತಪ್ಪಿದ್ರೇನು?” ಎಂದರು. ಅದೇ ದನಿ. ಅವರ ಹೆಂಡತಿ ಗಂಗಮ್ಮ ನೀರು ತಂದಿಟ್ಟು ಒಳಗೆ ಹೋದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅವಳ ನಾಲಿಗೆಯ ಮೇಲೆ ಗಂಟಾಯಿತು. “ಕಾಕಾ, ಅಪ್ಪ ಆ ದಿನ…”

“ಹೌದು ಅಂದ. ಗೊತ್ತೈತಿ.” ಲಾಳಿ ಆ ಕಡೆ ಹೋಗಿ ಈ ಕಡೆ ಬಂತು. “ನಾನು ಅವನ ಬಾಜೂಕ ಕುಂತಿದ್ದೆ. ಮಗ್ಗದ ಮನ್ಯಾಗ ಹುಟ್ಟಿದ ಕಿವಿ ಇವು. ಸದನದ ಗದ್ದಲ ನಮಗ್ಯಾವ ಲೆಕ್ಕ? ಅಂವ ಮೊದಲಿಂದ ಅಂಜುಬುರುಕ, ಕಾಲೇಜಿನ್ಯಾಗೂ. ಅಂಜೂದೇನು ತಪ್ಪಲ್ಲ ಬಿಡು. ಅವನ ಮ್ಯಾಲ ನನಗ ಸಿಟ್ಟಿಲ್ಲ.”

ಅವಳು ತಲೆ ತಗ್ಗಿಸಿ ಕೂತಳು.

“ಒಂದ ತಿಳೀವಲ್ದು ನನಗ,” ಎಂದರು ಕಾಕಾ, ಹರಿದ ಎಳೆಯೊಂದನ್ನು ಹುರಿ ಮಾಡುತ್ತ. “ಯಂತ್ರ ನಂಬರಷ್ಟ ಹೇಳತೈತಿ ಅಂತ ನೀನ ಹೇಳಿದ್ದಿ. ಅದನ್ನ ನಂಬೇ ನಾನು ‘ಇಲ್ಲ’ ಅಂದದ್ದು. ನಮ್ಮ ಹುಡುಗಿ ಮಾಡಿದ ಯಂತ್ರ, ಮೋಸ ಇರಂಗಿಲ್ಲ ಅಂತ. ಮತ್ತ ಅದಕ್ಕ ನನ್ನ ದನಿ ಹೆಂಗ ಗುರ್ತು ಹತ್ತಿತು?”

“ಯಂತ್ರಕ್ಕ ಹತ್ತಲಿಲ್ಲ ಕಾಕಾ. ನನಗ ಹತ್ತಿತು. ಅಪ್ಪಗ ನಾನ ಹೇಳಿದೆ.”

ಬೆರಳು ನಿಂತವು. ಕಾಕಾ ಅವಳನ್ನು ನೋಡಲಿಲ್ಲ. ಹುರಿ ಮಾಡುತ್ತಿದ್ದ ಎಳೆಯನ್ನು ಎರಡು ಬೆರಳ ನಡುವೆ ಹಿಡಿದುಕೊಂಡೇ ಇದ್ದರು. ಅಪ್ಪ ಸುಳ್ಳು ಹೇಳಿ ಕೇಳಿಸಿದ್ದು, ತಾನು ಅಪ್ಪನನ್ನು ಉಳಿಸಲು ಹೋದದ್ದು, ಎಲ್ಲವನ್ನೂ ಅವಳು ಹೇಳಿದಳು. ಹೇಳುತ್ತ ಹೇಳುತ್ತ ಅದು ಅವಳ ಕಿವಿಗೇ ನೆಪದಂತೆ ಕೇಳಿಸಿ ಅರ್ಧಕ್ಕೆ ನಿಲ್ಲಿಸಿದಳು.

ಕಾಕಾ ಎಳೆಯನ್ನು ಗಂಟು ಹಾಕಿದರು. ಆಮೇಲೆ ಮಗ್ಗ ಶುರುವಾಯಿತು.

ಗಂಗಮ್ಮ ಚಹಾ ತಂದು, ಇಬ್ಬರ ಮುಖ ನೋಡಿ, ಏನಾತು ಎಂದು ಕೇಳಿದಳು. ಕಾಕಾ ಲಾಳಿ ಓಡಿಸುತ್ತಲೇ ಇದ್ದರು. ದಾನೇಶ್ವರಿ ಚಹಾ ಕುಡಿದಳು. ಬಸ್ಸಿನ ಹೊತ್ತಾಯಿತು ಎಂದಳು. ಕಾಕಾ ಕೈಯಿಂದ ಬಾಗಿಲ ಕಡೆ ತೋರಿಸಿದರು, ಸಿಟ್ಟಿನಿಂದಲ್ಲ, ಹೋಗು ಎಂದು ತಿಳಿಯುವಷ್ಟು. ಬಾಯಿ ತೆರೆಯಲಿಲ್ಲ.

ಅವಳು ಓಣಿಯಲ್ಲಿ ನಡೆದಳು. ಹಿಂದೆ ಬಾಗಿಲು ಸರಿದದ್ದು ಕೇಳಿಸಿತು. ಕಾಕಾ ಕುಣಿಯಿಂದೆದ್ದು ಹೊಸ್ತಿಲಿಗೆ ಬಂದು ನಿಂತದ್ದೂ ಗೊತ್ತಾಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ತಿರುವಿನಲ್ಲಿ ನಿಂತಳು. ಎರಡೂ ಬದಿಯ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಯಾರೋ ನಗುತ್ತಿದ್ದರು, ಯಾರೋ ಮಗುವನ್ನು ಗದರುತ್ತಿದ್ದರು, ಯಾರದೋ ಮನೆಯ ರೇಡಿಯೋದಲ್ಲಿ ಹವಾಮಾನ. ಅವಳು ಕಣ್ಣು ಮುಚ್ಚಿ, ಒಂದೊಂದನ್ನೇ ಬಿಡಿಸಿ ಪಕ್ಕಕ್ಕಿಡುತ್ತ, ತನಗೆ ಬೇಕಾದ ಒಂದು ಎಳೆಗಾಗಿ ಕಿವಿಗೊಟ್ಟಳು.

ಬಸ್ಸು ಹಾರನ್ ಹೊಡೆಯುವ ತನಕ ಅಲ್ಲೇ ನಿಂತಿದ್ದಳು. ಓಣಿಯ ಎಲ್ಲ ದನಿಗಳೂ ಸಿಕ್ಕವು. ಆ ಒಂದು ಇರಲಿಲ್ಲ.